ಬಾಕುವಿನಲ್ಲಿ ಕೇರಿಯವರು, ಊರಿಗೆ ಬಂದರೆ ಯಜಮಾನರು

ಪೋಸ್ಟು ಸ್ವಲ್ಪ ಉದ್ದ ಆಯ್ತು, ಪುರುಸೊತ್ತಾದಾಗ ಓದಿ.

2024ರ ನವೆಂಬರ್ 24, ಭಾನುವಾರ ಬೆಳಗಿನ ಜಾವ, ಅಜರ್‌ಬೈಜಾನ್ ದೇಶದ ಬಾಕು ನಗರದಲ್ಲಿ ವಿಶ್ವಸಂಸ್ಥೆಯ 29ನೇ ಹವಾಮಾನ ಸಮ್ಮೇಳನ ಮುಗೀತು. ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದ್ದವು. ಶ್ರೀಮಂತ ದೇಶಗಳು 2035ರ ಹೊತ್ತಿಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್ ಹೊಂದಿಸ್ತೀವಿ ಅಂದವು, ಅದರಲ್ಲೂ ಸಾಲ ಸೇರಿದೆ, ಖಾಸಗಿ ಬಂಡವಾಳ ಸೇರಿದೆ. ನಮಗೆ ಮಾತಾಡೋಕೆ ಅವಕಾಶ ಕೊಡಿ ಅಂತ ಭಾರತ ಕೇಳಿತ್ತು. ಅದಕ್ಕೆ ಮೊದಲೇ ಅಧ್ಯಕ್ಷರು ಸುತ್ತಿಗೆ ಕುಟ್ಟಿ ಅಂಗೀಕಾರ ಆಯ್ತು ಅಂದುಬಿಟ್ಟರು. ಆಮೇಲೆ ಎದ್ದು ನಿಂತ ನಮ್ಮ ಹಣಕಾಸು ಸಚಿವಾಲಯದ ಅಧಿಕಾರಿ ಚಾಂದನಿ ರೈನಾ, ಇದು ಕಣ್ಕಟ್ಟು, ನಾವಿದನ್ನು ಒಪ್ಪಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಸಭೆಯಲ್ಲಿ ಚಪ್ಪಾಳೆ ಬಿತ್ತು.

ನಿಜ ಹೇಳ್ತೀನಿ, ವಿಡಿಯೋ ನೋಡಿ ನನಗೂ ರೋಮಾಂಚನ ಆಯ್ತು. ಯಾಕಂದ್ರೆ ಆ ಸುತ್ತಿಗೆ ಸದ್ದು ನಮಗೆ ಪರಿಚಯ. ಗ್ರಾಮಸಭೆಯಲ್ಲಿ ನಮ್ಮ ಕೇರಿಯವರು ಹಿಂದುಗಡೆ ನಿಂತಿರ್ತಾರೆ, ಚರಂಡಿ ಬಗ್ಗೆ ಕೇಳಬೇಕು ಅಂತ ಕೈ ಎತ್ತೋ ಹೊತ್ತಿಗೆ ಮುಂದೆ ಕೂತವರು ನಡಾವಳಿ ಬರೆದು, ಕಾಫಿ ಕುಡಿದು ಎದ್ದಿರ್ತಾರೆ. ಬಾಕುವಿನಲ್ಲಿ ಇಡೀ ಭಾರತ ದೇಶವೇ ನಮ್ಮ ಜಾಗದಲ್ಲಿ ನಿಂತಿತ್ತು. ಹೊಗೆ ಬಿಟ್ಟವರು ನೀವು, ಉಸಿರು ಕಟ್ಟಿದ್ದು ನಮಗೆ. ನೀವು ಕೊಡಬೇಕಾದ್ದು ಭಿಕ್ಷೆಯಲ್ಲ, ಸಾಲವೂ ಅಲ್ಲ, ಬಾಕಿ. ಇದು ದೆಹಲಿಯ ವಾದ. ನೂರಕ್ಕೆ ನೂರು ಸರಿಯಾದ ವಾದ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಇದೇ ಶ್ರೀಮಂತರು 2020ರ ಹೊತ್ತಿಗೆ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್ ಅಂದಿದ್ದರು. ಅವರದೇ ಲೆಕ್ಕದ ಪ್ರಕಾರ ಆ ಮಾತು ನಡೆದಿದ್ದು 2022ರಲ್ಲಿ.

ನನ್ನ ತಕರಾರು ಬೇರೆ. ಅದನ್ನು ಹೇಳೋಕೆ ಮುಂಚೆ ಒಂದು ಕಥೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಆಗ ನನ್ನ ದೊಡ್ಡಮ್ಮನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ದೊಡ್ಡಮ್ಮನಿಗೆ ಅರವತ್ತು ದಾಟಿದೆ. ಹುಟ್ಟಿದಾಗಿನಿಂದ ಮಾಡಿದ್ದು ಕಳೆ ಕೀಳೋದು, ಕಡ್ಲೆಕಾಯಿ ಬಿಡಿಸೋದು. ಆ ವರ್ಷ ಕಡ್ಲೆಕಾಯಿ ಗಿಡ ಮೊಣಕಾಲುದ್ದ ಇರಲಿ, ಗೇಣುದ್ದವೂ ಏಳಲಿಲ್ಲ. ಕೂಲಿ ಇಲ್ಲ. ಬರ ಪರಿಹಾರ ಬರ್ತದಂತೆ ಅಂತ ಯಾರೋ ಹೇಳಿದ್ದು ಕೇಳಿ, ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲಾ ಸೆರಗಿಗೆ ಗಂಟು ಹಾಕ್ಕೊಂಡು ಬಂದಿದ್ದಳು.

‘ಪಹಣಿ ಕೊಡಮ್ಮ’ ಅಂದರು.

‘ಹೊಲ ಇಲ್ಲ ಸ್ವಾಮಿ. ಕೂಲಿಯೋರು ನಾವು.’

‘ಹೊಲ ಇಲ್ದೋರಿಗೆ ಬರ ಎಲ್ಲಿಂದಮ್ಮ ಬರ್ತದೆ?’

ಸಾಲಿನಲ್ಲಿದ್ದವರು ನಕ್ಕರು. ದೊಡ್ಡಮ್ಮನೂ ನಕ್ಕಳು. ಆ ಮನುಷ್ಯ ಕೆಟ್ಟವನೇನಲ್ಲ, ಕೂರೋಕೆ ಕುರ್ಚಿ ಕೊಟ್ಟ, ನೀರು ಬೇಕಾ ಅಂತ ಕೇಳಿದ. ಆದರೆ ಅವನ ಕಂಪ್ಯೂಟರಿನಲ್ಲಿ ಬರ ಅಂದರೆ ಬೆಳೆ ನಷ್ಟ, ಬೆಳೆ ಅಂದರೆ ಸರ್ವೆ ನಂಬರು, ಸರ್ವೆ ನಂಬರು ಅಂದರೆ ಪಹಣಿ. ಆ ಬೆಳೆಯಲ್ಲಿ ಬೆವರು ಸುರಿಸಬೇಕಿದ್ದವಳಿಗೆ ಅದರಲ್ಲಿ ಕಾಲಮ್ಮೇ ಇಲ್ಲ. ಆ ಬರಕ್ಕೆ ರಾಜ್ಯ ಕೇಂದ್ರದ ಹತ್ತಿರ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದಿದ್ದು 3,454 ಕೋಟಿ. ಇವರಿಬ್ಬರ ಜಗಳ ಟಿವಿಯಲ್ಲಿ ತಿಂಗಳುಗಟ್ಟಲೆ ನಡೀತು. ಭೂಮಿ ಇಲ್ಲದವರ ಪಾಲು ಎಷ್ಟು ಅಂತ ಕೇಳಿದ ಒಬ್ಬ ಆಂಕರ್‌ನ ಹೆಸರು ಹೇಳಿ ನೋಡೋಣ.

ದೇಶದ ಸಾಗುವಳಿ ಭೂಮಿಯಲ್ಲಿ ಪರಿಶಿಷ್ಟ ಜಾತಿಯವರ ಕೈಯಲ್ಲಿರೋದು ನೂರಕ್ಕೆ ಹತ್ತು ಪಾಲೂ ಇಲ್ಲ. ಈಗ ಈ ಮಾತನ್ನು ಬಾಕುವಿಗೆ ತಗೊಂಡು ಹೋಗಿ.

ಅಲ್ಲಿ ಭಾರತದ ದೊಡ್ಡ ಅಸ್ತ್ರ ಅಂದರೆ ಸರಾಸರಿ. ಒಬ್ಬ ಭಾರತೀಯ ವರ್ಷಕ್ಕೆ ಬಿಡೋದು ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್, ಒಬ್ಬ ಅಮೆರಿಕನ್ನಿನದು ಸುಮಾರು 14. ನೋಡಿ ನಾವೆಷ್ಟು ಸಾಧು! ಸರಿ, ಆದರೆ ಆ ಸರಾಸರಿಯನ್ನು ಕೆಳಕ್ಕೆ ಎಳೆದಿರೋರು ಯಾರು? ಮುಂಬೈನಲ್ಲಿ ಇಪ್ಪತ್ತೇಳು ಅಂತಸ್ತಿನ ಮನೆ ಕಟ್ಕೊಂಡವರಾ? ಮಗಳ ಮದುವೆಗೆ ವಿಮಾನ ಬಾಡಿಗೆ ಹಿಡಿದವರಾ? ಎಳೆದಿರೋಳು ನನ್ನ ದೊಡ್ಡಮ್ಮ. ಅವಳ ಮನೆಯಲ್ಲಿ ಒಂದು ಬಲ್ಬು, ಒಂದು ಫ್ಯಾನು, ಮೇಲೆ ತಗಡು. ಸಿಲಿಂಡರ್ ಇದೆ, ತುಂಬಿಸೋಕೆ ದುಡ್ಡಿಲ್ಲದೆ ಮೂಲೆಯಲ್ಲಿದೆ. ಅವಳ ಬಡತನವೇ ದೆಹಲಿಯ ಜೇಬಿನಲ್ಲಿರೋ ಬಂಡವಾಳ. ಅದನ್ನು ತೋರಿಸಿ ಇವರು ಕಲ್ಲಿದ್ದಲು ತೆಗೀತಾರೆ, 2023-24ರಲ್ಲಿ ಹೆಚ್ಚೂಕಡಿಮೆ ನೂರು ಕೋಟಿ ಟನ್. ಕಲ್ಲಿದ್ದಲು ನೆಲದಡಿ ಇರೋದು ಆದಿವಾಸಿಗಳ ಕಾಡಿನಲ್ಲಿ, ಬೂದಿ ಬೀಳೋದು ಯಾರ ಮನೆ ಮೇಲೆ ಅಂತ ನಾನು ಹೇಳಬೇಕಾ? ಬಡವರ ಹಿಂದೆ ಅಡಗಿಕೊಳ್ಳೋ ಈ ಆಟವನ್ನು 2007ರಲ್ಲೇ ಗ್ರೀನ್‌ಪೀಸ್ ಇಂಡಿಯಾ ವರದಿಯೊಂದರಲ್ಲಿ ತೋರಿಸಿತ್ತು. ಆಗ ಯುಪಿಎ ಸರ್ಕಾರ ಇತ್ತು ಅನ್ನೋದನ್ನೂ ಹೇಳಿಬಿಡ್ತೀನಿ.

ನಮ್ಮ ಪ್ರಧಾನಿಯವರ ದಾಖಲೆಯನ್ನೂ ಒಮ್ಮೆ ನೋಡಿ. 2014ರ ಶಿಕ್ಷಕರ ದಿನದಂದು ವಿದ್ಯಾರ್ಥಿಯೊಬ್ಬರಿಗೆ ಉತ್ತರ ಕೊಡುತ್ತಾ, ಬದಲಾಗಿರೋದು ಹವಾಮಾನ ಅಲ್ಲ, ನಾವು ಅನ್ನೋ ಅರ್ಥದಲ್ಲಿ ಮಾತಾಡಿದ್ದರು. 2018ರಲ್ಲಿ ವಿಶ್ವಸಂಸ್ಥೆಯೇ ಅವರಿಗೆ ಭೂಮಿಯ ಚಾಂಪಿಯನ್ ಪ್ರಶಸ್ತಿ ಕೊಟ್ಟಿತು. 2021ರಲ್ಲಿ ಗ್ಲಾಸ್ಗೋಗೆ ಹೋಗಿ ‘ಪಂಚಾಮೃತ’ ಅಂತ ಐದು ಭರವಸೆ ಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ. 2022ರ ಆಗಸ್ಟ್‌ನಲ್ಲಿ ಅದನ್ನು ಅಧಿಕೃತ ಪತ್ರವಾಗಿ ಸಲ್ಲಿಸುವಾಗ ನೂರು ಕೋಟಿ ಟನ್ ಹೊಗೆ ಕಡಿಮೆ ಮಾಡೋ ಮಾತು ಇಲ್ಲ, 500 ಗಿಗಾವಾಟ್ ಇಲ್ಲ. ಪಟ್ಟಿಯ ಮೊದಲಿಗೆ ಬಂದು ಕೂತಿದ್ದು ‘ಲೈಫ್’ ಅನ್ನೋ ಜೀವನಶೈಲಿ ಆಂದೋಲನ. ಎಸಿಯನ್ನು 24 ಡಿಗ್ರಿಗೆ ಇಡಿ, ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡಿ, ಬಟ್ಟೆ ಚೀಲ ಹಿಡೀರಿ ಅಂತ ಅದರ ಉಪದೇಶ. ನಮ್ಮ ಕೇರಿಯಲ್ಲಿ ಎಲ್ಲರೂ ಪಾಲಿಸ್ತಿದ್ದೀವಿ ಸ್ವಾಮಿ, ಎಸಿ ಇಲ್ಲ, ಇಂಜಿನ್ ಇಲ್ಲ.

ಇನ್ನೊಂದು ಗೊತ್ತಾ? 2024ರಲ್ಲಿ ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಹನ್ನೆರಡು ವಿಪತ್ತುಗಳಿದ್ದವು. ಚಳಿ ಗಾಳಿ ಇತ್ತು, ಮಂಜು ಇತ್ತು, ಹಿಮಪಾತ ಇತ್ತು. ಬಿಸಿ ಗಾಳಿ ಇರಲಿಲ್ಲ. 2024ರ ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಜನ ಹೇಗೆ ಬೆಂದರು ಅಂತ ಎಲ್ಲರೂ ನೋಡಿದ್ದೀರಿ. ಕಾಂಕ್ರೀಟ್ ಹಾಕೋನು, ಇಟ್ಟಿಗೆ ಹೊರೋಳು, ಪೌರಕಾರ್ಮಿಕ ಬಿಸಿಲಿಗೆ ಬಿದ್ದು ಸತ್ತರೆ ಅದು ಆ ಪಟ್ಟಿ ಪ್ರಕಾರ ರಾಷ್ಟ್ರೀಯ ವಿಪತ್ತಲ್ಲ.

ಪಾವಗಡದ ವಿಷಯಕ್ಕೆ ಬರ್ತೀನಿ, ನಮ್ಮ ತುಮಕೂರು ಜಿಲ್ಲೆಯದೇ. 13 ಸಾವಿರ ಎಕರೆ, 2,050 ಮೆಗಾವಾಟ್ ಸೋಲಾರ್ ಪಾರ್ಕು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿ. ಹೆಸರು ‘ಶಕ್ತಿ ಸ್ಥಳ’. ದೆಹಲಿ ಇದರ ಫೋಟೋ ತೋರಿಸಿ ಜಗತ್ತಿನಲ್ಲಿ ಎದೆ ಉಬ್ಬಿಸ್ತದೆ, ಬೆಂಗಳೂರೂ ಉಬ್ಬಿಸ್ತದೆ. ಭೂಮಿ ಕಿತ್ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21 ಸಾವಿರ ಬಾಡಿಗೆ, ಕಾಲಕಾಲಕ್ಕೆ ಏರಿಕೆ. ಬರಗಾಲದ ನೆಲದಲ್ಲಿ ಕೂತು ತಿನ್ನೋಷ್ಟು ಬಂತು ಅಂತ ಹೊಲ ಇದ್ದವರು ಖುಷಿಯಾಗಿದ್ದಾರೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ಸೋಲಾರ್ ವಿರೋಧಿಯೂ ಅಲ್ಲ ನಾನು, ಕಲ್ಲಿದ್ದಲಿಗಿಂತ ಅದು ಸಾವಿರ ಪಾಲು ಮೇಲು. ಆದರೆ ಆ ಹೊಲದಲ್ಲಿ ಕೂಲಿ ಮಾಡ್ತಿದ್ದವರು? ಆ ಬದುಗಳಲ್ಲಿ ಕುರಿ, ಎಮ್ಮೆ ಮೇಯಿಸ್ತಿದ್ದವರು? ಬಾಡಿಗೆ ಪಹಣಿ ಇದ್ದವರ ಖಾತೆಗೆ ಹೋಗ್ತದೆ. ಉಳಿದವರಿಗೆ ಫಲಕ ಒರೆಸೋ ಕೆಲಸ, ಹುಲ್ಲು ಕೊಯ್ಯೋ ಕೆಲಸ, ವಾಚ್‌ಮನ್ ಕೆಲಸ, ಅದೂ ಕೆಲವರಿಗೆ. ನಾನು ಆ ಕಡೆ ಹೋದಾಗ ಬೇಲಿ ಪಕ್ಕ ನಿಂತಿದ್ದ ಒಬ್ಬ ಅಜ್ಜ ‘ಮೊದ್ಲು ಗೌಡ್ರ ಹೊಲ ಅಂತಿದ್ವಿ, ಈಗ ಕಂಪ್ನಿ ಹೊಲ. ನಮ್ದು ಯಾವತ್ತೂ ಆಗಿರ್ಲಿಲ್ಲ ಬಿಡಪ್ಪ’ ಅಂದ.

ಕಾಂಗ್ರೆಸ್ ಗೆಳೆಯರು ಇಷ್ಟೊತ್ತು ಲೈಕ್ ಒತ್ತಿರ್ತೀರಿ. ಸ್ವಲ್ಪ ತಡೀರಿ. ಆ ಪಾರ್ಕನ್ನು 2018ರ ಮಾರ್ಚ್‌ನಲ್ಲಿ ಉದ್ಘಾಟಿಸಿದ್ದು ಸಿದ್ದರಾಮಯ್ಯನವರೇ. 2024ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿಗಳಿಗೆ ತೋರಿಸಿದ್ದೂ ಅವರ ಸರ್ಕಾರವೇ. ನಮ್ಮ ಬಾಕಿಯನ್ನು ನಮಗೇ ದಾನ ಅಂತ ಕೊಡೋ ವಿದ್ಯೆಯಲ್ಲಿ ಯುರೋಪಿಗೂ ಇವರಿಗೂ ಏನು ವ್ಯತ್ಯಾಸ?

2001ರಲ್ಲಿ ಡರ್ಬನ್‌ನಲ್ಲಿ ವರ್ಣಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ನಮ್ಮವರು ಜಾತಿಯ ವಿಷಯ ಎತ್ತಿದರು. ಆಗಿನ ವಾಜಪೇಯಿ ಸರ್ಕಾರ, ಜಾತಿ ನಮ್ಮ ಆಂತರಿಕ ವಿಷಯ, ಅಲ್ಲಿ ಚರ್ಚೆ ಬೇಡ ಅಂತ ಪಟ್ಟು ಹಿಡೀತು. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆ ಓದಿ. ಮೂಲನಿವಾಸಿಗಳಿದ್ದಾರೆ, ವಲಸಿಗರಿದ್ದಾರೆ, ಮಕ್ಕಳಿದ್ದಾರೆ, ಅಂಗವಿಕಲರಿದ್ದಾರೆ. ಜಾತಿ ಅನ್ನೋ ಪದ ಇಲ್ಲ. ಅನ್ಯಾಯ ಹೊರಗಿನಿಂದ ಬಂದರೆ ಅದು ಜಗತ್ತಿನ ವಿಷಯ, ಒಳಗೆ ನಡೆದರೆ ಮನೆ ವಿಷಯ. 1931ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ ಅಸ್ಪೃಶ್ಯರ ಪರವಾಗಿಯೂ ತಾನೇ ಮಾತಾಡ್ತೀನಿ ಅಂತ ಗಾಂಧೀಜಿ ಹೇಳಿದಾಗ ಬಾಬಾಸಾಹೇಬರು ಎದ್ದು ನಿಂತು ವಿರೋಧಿಸಿದ್ದರು. ದೇಶದ್ರೋಹಿ ಅಂತ ಅವತ್ತೂ ಬೈದರು. ನನ್ನ ಕಾಮೆಂಟ್ ಬಾಕ್ಸಿಗೂ ಇನ್ನೊಂದು ಗಂಟೆಯಲ್ಲಿ ಅದೇ ಬರ್ತದೆ, ಪರವಾಗಿಲ್ಲ.

ಅಮೆರಿಕದ ಕಥೆ ಕೇಳೋದೇ ಬೇಡ. ಕ್ಯೋಟೋ ಒಪ್ಪಂದವನ್ನು ಅನುಮೋದಿಸಲೇ ಇಲ್ಲ, ಪ್ಯಾರಿಸ್ ಬಿಡ್ತೀನಿ ಅಂತ 2017ರಲ್ಲಿ ಟ್ರಂಪ್ ಹೇಳಿದ, 2024ರಲ್ಲಿ ಮತ್ತೆ ಗೆದ್ದ, ಮತ್ತೆ ಬಿಟ್ಟ. ಬಾಕುವಿನಲ್ಲಂತೂ ಆತಿಥೇಯ ದೇಶದ ಅಧ್ಯಕ್ಷರೇ ತೈಲ, ಅನಿಲ ದೇವರ ವರ ಅಂತ ವೇದಿಕೆಯಲ್ಲಿ ಹೇಳಿದರು. ಕುಡುಕರ ಸಂಘದ ವಾರ್ಷಿಕೋತ್ಸವವನ್ನು ಸಾರಾಯಿ ಅಂಗಡಿಯಲ್ಲೇ ಮಾಡಿದ ಹಾಗೆ. ಅವರಿಂದ ನನಗೆ ನಿರೀಕ್ಷೆಯೇ ಇಲ್ಲ, ಹಾಗಾಗಿ ಸಿಟ್ಟೂ ಕಡಿಮೆ.

ಗೆಳೆಯರೊಬ್ಬರು ಕೇಳಿದರು, ‘ಒಳಮೀಸಲಾತಿ ತೀರ್ಪು ಬಂದು ಮೂರು ತಿಂಗಳಾಯ್ತು, ಅದರ ಬಗ್ಗೆ ಬರೆಯೋದು ಬಿಟ್ಟು ನಿಂಗ್ಯಾಕೋ ಹವಾಮಾನ?’ ಅದರ ಬಗ್ಗೆಯೂ ಬರೀತೀನಿ ಅಣ್ಣ. ಆದರೆ ಮಳೆ ಕೈಕೊಟ್ಟಾಗ ಮೊದಲು ಕೆಲಸ ಹೋಗೋದು ಯಾರದ್ದು, ಪ್ರವಾಹ ಬಂದಾಗ ತಗ್ಗಿನಲ್ಲಿರೋ ಮನೆ ಯಾರದ್ದು?

2025ರ ಫೆಬ್ರವರಿಯೊಳಗೆ ಎಲ್ಲಾ ದೇಶಗಳೂ 2035ರ ಗುರಿಗಳ ಹೊಸ ಪತ್ರ ಸಲ್ಲಿಸಬೇಕಿತ್ತು. ಭಾರತದ ಪತ್ರ ಬರೆಯೋರಿಗೆ ನನ್ನ ಮೂರೇ ಬೇಡಿಕೆ. ಬಿಸಿ ಗಾಳಿಯನ್ನು ವಿಪತ್ತು ಪಟ್ಟಿಗೆ ಸೇರಿಸಿ. ಬರ ಪರಿಹಾರದಲ್ಲೂ ಸೋಲಾರ್ ಬಾಡಿಗೆಯಲ್ಲೂ ಭೂಮಿ ಇಲ್ಲದ ಕೂಲಿಯವರಿಗೆ ಪಾಲು ಬರೆಯಿರಿ. ಹವಾಮಾನದ ಹೆಸರಲ್ಲಿ ಬರೋ ಪ್ರತಿ ರೂಪಾಯಿಗೂ ಜಾತಿವಾರು ಲೆಕ್ಕ ಕೊಡಿ. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯೋದು ಸಂವಿಧಾನದ 14 ಮತ್ತು 21ನೇ ವಿಧಿಯ ಹಕ್ಕು ಅಂತ 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ನಾನು ಹೊಸದೇನೂ ಕೇಳ್ತಿಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ತಾಲ್ಲೂಕಿನಲ್ಲಿ 2023ರ ಬರ ಪರಿಹಾರ ಪಹಣಿ ಇಲ್ಲದ ಒಬ್ಬರಿಗಾದರೂ ಸಿಕ್ಕಿದ್ದರೆ ಊರಿನ ಹೆಸರು ಮಾತ್ರ ಕೆಳಗೆ ಬರೆಯಿರಿ. ಸಿಕ್ಕಿಲ್ಲದಿದ್ದರೆ ಅದನ್ನೂ ಬರೆಯಿರಿ. ಮುಂದಿನ ವಾರ ಆರ್‌ಟಿಐ ಹಾಕ್ತಿದ್ದೀನಿ, ತಾಲ್ಲೂಕುವಾರು ಪಟ್ಟಿ ಬೇಕು. ದೊಡ್ಡಮ್ಮನ ಹೆಸರಲ್ಲೇ ಹಾಕ್ತೀನಿ, ಹೆಬ್ಬೆಟ್ಟು ಒತ್ತೋಕೆ ಒಪ್ಪಿದ್ದಾಳೆ.

ಜೈ ಭೀಮ್.