ಮೊನ್ನೆ ಏನು ಹಚ್ಚಿದ್ರಿ?

ಕಣ್ಣಿನ ರೆಪ್ಪೆ ಕೆಂಪಾಗಿ ತುರಿಸೋಕೆ ಶುರುವಾದಾಗ ಅಮ್ಮ, ‘ಉಷ್ಣ ಕಣೋ, ಎಳನೀರು ಕುಡಿ’ ಅಂದ್ರು. ನಾನು ಲ್ಯಾಪ್‌ಟಾಪನ್ನು ಬೈದುಕೊಂಡೆ. ಮೂರು ತಿಂಗಳ ಮೇಲೆ ಚರ್ಮದ ಡಾಕ್ಟರ್ ಬೆನ್ನಿಗೆ ಪ್ಯಾಚ್ ಅಂಟಿಸಿ, 48 ಗಂಟೆ ಬೆನ್ನು ನೆನೆಸಬೇಡಿ ಅಂದ್ರು. ಸಿಕ್ಕಿಬಿದ್ದದ್ದು ಮೀಥೈಲ್‌ಐಸೋಥಯಾಜೋಲಿನೋನ್. ಮುಖ ಒರೆಸ್ತಿದ್ದ ವೆಟ್ ವೈಪ್ಸ್ ಕೆಡದಿರಲಿ ಅಂತ ಹಾಕಿದ್ದ ಪ್ರಿಸರ್ವೇಟಿವ್.

ಈ ಅಲರ್ಜಿ ಹಚ್ಚಿದ ಕೂಡಲೇ ಬರಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಬರುತ್ತೆ. ಅದಕ್ಕೇ ಕಾರಣ ಗೊತ್ತಾಗಲ್ಲ. ವರ್ಷಗಟ್ಟಲೆ ಒಗ್ಗಿದ್ದ ಕ್ರೀಮೂ ಒಂದು ದಿನ ಕೈಕೊಡಬಹುದು.

ಯುರೋಪ್ ಒಕ್ಕೂಟದಲ್ಲಿ ತೊಳೆಯದೆ ಬಿಡುವ ಕ್ರೀಮು, ವೈಪ್ಸ್‌ಗಳಲ್ಲಿ 2017ರಿಂದ ಇದಕ್ಕೆ ನಿಷೇಧವಿದೆ. ‘ಪ್ಯಾರಾಬೆನ್ ಇಲ್ಲ’ ಅಂತ ಬರೆದಿದ್ದರೂ ಇದು ಇರಬಹುದು. ಪ್ಯಾಕ್ ಹಿಂದಿನ ಸಣ್ಣ ಅಕ್ಷರ ಓದಿ. ತುರಿಕೆ ಬಿಡದಿದ್ದರೆ ಎಳನೀರು ಕುಡೀರಿ, ಜೊತೆಗೆ ಪ್ಯಾಚ್ ಟೆಸ್ಟೂ ಮಾಡಿಸಿ.