ಹಳೆಯ ಹರಳಿಗೆ ಹೊಸ ಸಾಣೆ: ಯಾರ ಹಿತಕ್ಕೆ?

ವಜ್ರವನ್ನು ತಮಿಳರೂ ಮಲಯಾಳಿಗಳೂ ‘ವೈರಂ’ ಎನ್ನುತ್ತಾರೆ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿಯಲ್ಲಿ ಆ ಮಾತು ಕನ್ನಡ ನೆಲದಲ್ಲೂ ಉಳಿದುಕೊಂಡಿದೆ. ಆದರೆ ನಮ್ಮ ದಿನಬಳಕೆಯಲ್ಲಿ ವೈರವೆಂದರೆ ಹಗೆ. ಒಡವೆ ಅಂಗಡಿಗಳಲ್ಲಿ ಹಳೆಯ ವಜ್ರಗಳಿಗೆ ಆಗುತ್ತಿರುವ ಉಪಚಾರವನ್ನು ನೋಡಿದರೆ, ಅಲ್ಲಿಗೆ ಈ ಎರಡನೆಯ ಅರ್ಥವೇ ಸರಿಯಾಗಿ ಹೊಂದುತ್ತದೆ.

ನಮ್ಮ ಬೇರಿಕೆಯ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಮನೆಮಾತು ಯಾವುದಾದರೇನು, ಸ್ವಲ್ಪ ಅನುಕೂಲವಿದ್ದ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದ ಏಳು ಕಲ್ಲಿನ ಓಲೆಯೊಂದು ಇದ್ದೀತು. ನಡುವೆ ಒಂದು ಹರಳು, ಸುತ್ತ ಆರು. ಅದರಲ್ಲಿ ಒಂದರ ಅಂಚಿನಿಂದ ಚಕ್ಕೆ ಎದ್ದಿರುತ್ತದೆ. ಮದುವೆಯ ದಿನ ಹತ್ತಿರವಾದಾಗ ಅದನ್ನು ಹೊಸೂರಿಗೋ ಬೆಂಗಳೂರಿನ ಚಿಕ್ಕಪೇಟೆಗೋ ಒಯ್ಯುತ್ತಾರೆ. ಅಲ್ಲಿ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಇದು ಹಳೇ ಕಟಿಂಗು, ಅಮ್ಮ. ಹೊಸದಾಗಿ ಕಟಿಂಗ್ ಮಾಡಿಸಿಬಿಡಿ, ಫಳಫಳ ಅನ್ನುತ್ತೆ.”

ಈ ಮಾತಿನಲ್ಲಿರುವ ಚಾತುರ್ಯವನ್ನು ಗಮನಿಸಬೇಕು. ಆಕೆ ತಂದ ದೂರು ಚಕ್ಕೆಯದು. ಕೊಟ್ಟ ಮದ್ದು ಹಳೆತನಕ್ಕೆ. ಚಕ್ಕೆ ಎದ್ದಿರುವುದು ನಿಜವಾದ ಕೇಡು. ಹಳೆಯ ಸಾಣೆ ಕೇಡೇ ಅಲ್ಲ. ಮೊದಲನೆಯದನ್ನು ನೆಪಮಾಡಿಕೊಂಡು ಎರಡನೆಯದನ್ನು ಅಳಿಸಿಹಾಕುವುದೇ ಇಲ್ಲಿ ನಡೆಯುವ ವ್ಯಾಪಾರ. ಒಂದು ಹರಳನ್ನು ಹೊಸದಾಗಿ ಕೊಯ್ದರೆ ಅದು ಚಿಕ್ಕದಾಗುತ್ತದೆ, ಅದರ ಹೊಳಪೂ ಬೇರೆಯಾಗುತ್ತದೆ. ಉಳಿದ ಆರರ ನಡುವೆ ಅದು ನೆಂಟರ ಮನೆಗೆ ಬಂದ ಅಪರಿಚಿತನಂತೆ ಕಾಣುತ್ತದೆ. ಆಗ “ಏಳನ್ನೂ ಮಾಡಿಸಿಬಿಡಿ” ಎನ್ನುತ್ತಾರೆ. ಇನ್ನೊಂದು ಕಿವಿಯ ಓಲೆಯೂ ಜೊತೆಗೆ ಹೊಂದಬೇಕಲ್ಲ? ಒಂದು ಚಕ್ಕೆಗಾಗಿ ಹದಿನಾಲ್ಕು ಹರಳು ಸಾಣೆಗೆ ಹೋಗುತ್ತವೆ!

ವಜ್ರದಷ್ಟು ಗಟ್ಟಿ ಇನ್ನಿಲ್ಲ, ಅದಕ್ಕೆ ಏಟು ಹೇಗೆ ಬಿದ್ದೀತು ಎಂದು ಕೇಳುವವರಿದ್ದಾರೆ. ಕೃಷ್ಣಗಿರಿ ಸೀಮೆಯ ಕಲ್ಲುಕುಟಿಗರನ್ನು ಕೇಳಿದರೆ ಉತ್ತರ ಸಿಗುತ್ತದೆ. ಎಂಥ ಬಂಡೆಗೂ ಒಡೆಯುವ ದಿಕ್ಕೊಂದಿರುತ್ತದೆ. ಅಲ್ಲಿ ಬೆಣೆ ಇಟ್ಟರೆ ಬಂಡೆ ಬಾಯಿಬಿಡುತ್ತದೆ. ವಜ್ರಕ್ಕೆ ಅಂಥ ದಿಕ್ಕುಗಳು ನಾಲ್ಕು. ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ತೆಳುವಾದ ಅಂಚಿಗೆ ಸರಿಯಾದ ಕೋನದಿಂದ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಎದ್ದ ಚಕ್ಕೆಯನ್ನು ಮತ್ತೆ ಬೆಳೆಸಲಾಗದು, ಆದ್ದರಿಂದ ವಜ್ರಕ್ಕೆ ರಿಪೇರಿಯೇ ಇಲ್ಲ ಎಂದು ವಾದಿಸುತ್ತಾರೆ. ಇದು ಅರ್ಧಸತ್ಯ. ಹರಳಿಗೆ ರಿಪೇರಿ ಇಲ್ಲದಿರಬಹುದು, ಹರಳು ಕುಳಿತ ಮನೆಗೆ ಇದೆ. ಹರಳನ್ನು ಕೊಂಚ ತಿರುಗಿಸಿ ಚಕ್ಕೆಯ ಭಾಗ ಚಿನ್ನದ ಅಡಿಗೆ ಬರುವಂತೆ ಕೂರಿಸಬಹುದು. ಅಂಚಿನ ಸುತ್ತ ಚಿನ್ನ ಕಟ್ಟಿ ಮುಂದಿನ ಪೆಟ್ಟು ತಪ್ಪಿಸಬಹುದು. ತೀರಾ ಬೇಕಾದರೆ ಚಕ್ಕೆ ಎದ್ದ ಜಾಗವನ್ನಷ್ಟೇ ನಯಮಾಡಿಸಬಹುದು. ಬಿರುಕಿಗೆ ಗಾಜು ತುಂಬಿಸಿ ಮುಚ್ಚುವ ಉಪಾಯವೂ ಇದೆ. ಅದು ರಿಪೇರಿಯಲ್ಲ, ಮರೆಮಾಚುವಿಕೆ. ಮುಂದೆ ಅಕ್ಕಸಾಲಿಗನ ಬೆಂಕಿ ತಾಗಿದರೆ ಆ ಗಾಜು ಕೆಡುತ್ತದೆ.

ದೊಡ್ಡವರ ಮನೆಯ ಕಥೆಗಳೂ ನಮಗೆ ಪಾಠವಾಗಬೇಕು. 1849ರಲ್ಲಿ ಬಾಲಕ ದುಲೀಪ್ ಸಿಂಗನಿಂದ ಬ್ರಿಟಿಷರು ಕಿತ್ತುಕೊಂಡ ಕೊಹಿನೂರನ್ನು 1851ರ ಲಂಡನ್ ಪ್ರದರ್ಶನದಲ್ಲಿಟ್ಟಾಗ, ಹೊಳಪು ಸಾಲದೆಂದು ಜನ ಗೊಣಗಿದರು. ಮರುವರ್ಷವೇ ಅದನ್ನು ಸಾಣೆಗೆ ಕೊಟ್ಟರು. ಈಗಿನ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್ ಇದ್ದದ್ದು 105.6ಕ್ಕೆ ಇಳಿಯಿತು. ನೋಡುಗರ ಗೊಣಗಾಟಕ್ಕೆ ತೆತ್ತ ಬೆಲೆ 85 ಕ್ಯಾರಟ್! ಅದು ಹಳೆಯ ಕಾಲದ ಅಜ್ಞಾನವೆನ್ನೋಣವೇ? ಭಾರತದ ಗಣಿಯಲ್ಲೇ ಹುಟ್ಟಿ 1722ರಲ್ಲಿ ಬವೇರಿಯಾದ ಅರಮನೆ ಸೇರಿದ ವಿಟ್ಟೆಲ್ಸ್‌ಬಾಖ್ ಎಂಬ ನೀಲಿ ವಜ್ರವನ್ನು 2008ರಲ್ಲಿ ಲಂಡನ್ನಿನ ವ್ಯಾಪಾರಿ ಲಾರೆನ್ಸ್ ಗ್ರಾಫ್ ಕೊಂಡರು. ಅದರ ಅಂಚಿನಲ್ಲೂ ಚಕ್ಕೆಗಳಿದ್ದವು. ಅದನ್ನೂ ಹೊಸದಾಗಿ ಕೊಯ್ಸಿದರು. 35.56 ಕ್ಯಾರಟ್ 31.06 ಆಯಿತು. ಪ್ರಮಾಣಪತ್ರದಲ್ಲಿ ಬಣ್ಣ, ಶುದ್ಧಿ ಎರಡೂ ಮೇಲೇರಿದವು. ಆದರೆ ಮುನ್ನೂರು ವರ್ಷ ಹಿಂದಿನ ಕೈ ಕೊರೆದ ರೂಪ ಹೋಯಿತು. ತಜ್ಞರಲ್ಲೇ ಅನೇಕರು ಇದನ್ನು ಖಂಡಿಸಿದರು.

ಹದಿನೇಳನೆಯ ಶತಮಾನದಲ್ಲಿ ನಮ್ಮ ಗಣಿಗಳನ್ನು ಕಂಡ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಶುದ್ಧವಾದ ಹರಳನ್ನು ಇಲ್ಲಿನವರು ಮೇಲೆ ಕೆಳಗೆ ತುಸು ಸಾಣೆ ತಾಗಿಸಿ ಬಿಟ್ಟುಬಿಡುತ್ತಿದ್ದರಂತೆ, ತೂಕ ಹೋದೀತೆಂದು. ದೋಷವಿದ್ದರೆ ಮಾತ್ರ ಅದನ್ನು ಮುಚ್ಚಲು ಮೈತುಂಬ ಪಟ್ಟೆ ಕೊರೆಯುತ್ತಿದ್ದರಂತೆ. ಆ ಸಾಣೆಗಾರರು ಮಂಕುಬುದ್ಧಿಯವರಲ್ಲ. ಅವರ ಕಣ್ಣಿಗೆ ತೂಕವೂ ಸೌಂದರ್ಯವೇ ಆಗಿತ್ತು. ಆಮೇಲಿನ ಕಾಲದ ಹಳೆಯ ಕಟಿಂಗೂ ದೀಪದ ಬೆಳಕಿಗೆ ಒಪ್ಪುವಂಥದು: ಅಗಲವಾದ ಪಟ್ಟೆ, ಆಳವಾದ ಒಡಲು, ನಿಧಾನವಾದ ಮಿಂಚು. ಇಂದಿನ ದುಂಡು ಕಟಿಂಗಿನ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಹಾಕಿಕೊಟ್ಟದ್ದು 1919ರಲ್ಲಿ. ಆ ಅಳತೆಗೋಲು ಹಿಡಿದು ಅದಕ್ಕಿಂತ ಮುಂಚಿನ ಹರಳನ್ನು ತಪ್ಪೆನ್ನುವುದು ಯಾವ ನ್ಯಾಯ?

ಇಂದು ಫಳಫಳ ಹೊಳೆಯುವ ಹರಳು ಬೇಕಾದರೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೇ ಅಗ್ಗವಾಗಿ ಸಿಗುತ್ತದೆ. ಹೊಳಪು ಅಗ್ಗವಾದ ಕಾಲದಲ್ಲಿ, ಯಾವ ಯಂತ್ರವೂ ತಯಾರಿಸಲಾರದ ಹಳೆತನವನ್ನು ಕಾಸುಕೊಟ್ಟು ಕಳೆದುಕೊಳ್ಳುವುದು ಎಂಥ ಜಾಣತನ?

ಹೊಸ ಸಾಣೆ ಎಂದೂ ಕೂಡದು ಎಂಬ ಹಟ ನನಗಿಲ್ಲ. ಅಂಚಿನ ಬಿರುಕು ಒಳಕ್ಕೆ ಇಳಿದು, ಇನ್ನೊಂದು ಪೆಟ್ಟಿಗೆ ಹರಳು ಎರಡಾಗುವ ಭಯವಿದ್ದರೆ ಸಾಣೆ ಹಿಡಿಸಲೇಬೇಕು. ಆಗಲೂ ಬಿರುಕು ಹೋಗುವಷ್ಟೇ ಸಾಕು. ಹಳೆಯ ಆಕಾರ ಉಳಿಯಬೇಕು. ಆದರೆ ಭಯವಿದೆಯೆಂದು ಹೇಳುವವನೇ ಕೂಲಿ ಪಡೆಯುವವನೂ ಆಗಿರಬಾರದು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಬಲ್ಲ, ಈ ಕೆಲಸದಲ್ಲಿ ಪಾಲಿಲ್ಲದ ಇನ್ನೊಬ್ಬರಿಗೆ ಮೊದಲು ತೋರಿಸಬೇಕು.

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂದು ಗಾದೆ ಕಟ್ಟಿ ಹಳೆಯ ಕಸುಬುದಾರರನ್ನು ಹೀಯಾಳಿಸಿದ್ದೇವೆ. ಆತನಾದರೂ ನಮ್ಮ ಜಗಲಿಯ ಮೇಲೆ, ನಮ್ಮ ಕಣ್ಣೆದುರಿಗೆ ಕುಳಿತು ಕೆಲಸ ಮಾಡುತ್ತಿದ್ದ. ಈಗ ಓಲೆ ಗಾಜಿನ ಬಾಗಿಲಿನ ಹಿಂದೆ ಹೋಗುತ್ತದೆ. ಯಾವ ಊರಿನ ಯಾವ ಸಾಣೆಗೆ ಸೇರಿತೆಂದು ತಿಳಿಯುವುದೇ ಇಲ್ಲ. ಕಡಿಮೆಯಾದ ತೂಕಕ್ಕೆ ಲೆಕ್ಕ ಕೇಳಿದರೆ ಪುಡಿಯಾಯಿತೆನ್ನುತ್ತಾರೆ.

ಆದ್ದರಿಂದ ಓಲೆಯ ಒಡತಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಹರಳನ್ನು ಬಿಡಿಸಿ ನಿಮ್ಮೆದುರಿಗೇ ತೂಗಿಸಿ. ಎಷ್ಟು ತೂಕ ಹೋಗುತ್ತದೆ, ಯಾವ ಪಟ್ಟೆ ಮಾಯವಾಗುತ್ತದೆ ಎಂದು ಬರೆದು ಕೊಡಲು ಹೇಳಿ. ಸಾಣೆಗೆ ಕೊಟ್ಟದ್ದು ಮರಳಿ ಬಾರದು. ಕೊಡದೆ ಇಟ್ಟದ್ದನ್ನು ಮೊಮ್ಮಗಳ ಕಾಲದಲ್ಲೂ ಕೊಡಬಹುದು. ಮದುವೆಯ ಗಡಿಬಿಡಿಯಲ್ಲಿ ಓಲೆಯನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಚೀಟಿ ಬರೆಸಿಕೊಂಡು, ಓಲೆಯನ್ನೂ ತೆಗೆದುಕೊಂಡು ಮನೆಗೆ ಬನ್ನಿ.