ಬಾಗಿಲು ತಟ್ಟುವ ಕೈಗಳು

ಮನೆಯ ಮೂಲೆಯಲ್ಲಿ ಮಿಣುಕುತ್ತಿರುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಎಂದಾದರೊಮ್ಮೆ ಕುತೂಹಲದಿಂದ ಅದರ ದಾಖಲೆಯನ್ನು ತೆರೆದು ನೋಡಿದವರು ಮಾತ್ರ ಬೆಚ್ಚಿಬೀಳುತ್ತಾರೆ. ಕಂಡುಕೇಳರಿಯದ ವಿಳಾಸಗಳಿಂದ ಯಾರೋ ಹಗಲಿರುಳೂ ಒಳಬರಲು ಯತ್ನಿಸಿ ಹಿಂದಿರುಗಿದ ಗುರುತುಗಳು ಅಲ್ಲಿ ಸಾಲುಸಾಲಾಗಿರುತ್ತವೆ. ತಮ್ಮ ಮನೆಯ ಮೇಲೆಯೇ ಯಾರೋ ಕಣ್ಣಿಟ್ಟಿದ್ದಾರೆಂಬ ಭಯ ಆಗ ಮೂಡುವುದು ಸಹಜ. ಸಹಜವಾದರೂ ಅದು ಬಹುಮಟ್ಟಿಗೆ ದಾರಿತಪ್ಪಿದ ಭಯ.

ಅಂತರಜಾಲದಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಕ್ರಮದ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಕೇಳುವುದಕ್ಕೆ ಇದು ಕಡಲಿನಂತಹ ಸಂಖ್ಯೆ. ಆದರೆ ಇವುಗಳಲ್ಲಿನ ಸಾರ್ವಜನಿಕ ವಿಳಾಸಗಳನ್ನೆಲ್ಲ ಒಂದೇ ಕಂಪ್ಯೂಟರಿನಿಂದ, ಮುಕ್ಕಾಲು ಗಂಟೆಯೊಳಗೆ, ಒಂದೊಂದು ಬಾರಿ ತಟ್ಟಿಬರಬಹುದೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿಯೇ ತೋರಿಸಿದರು. ಹೀಗಿರುವಾಗ ತಟ್ಟುವವನಿಗೆ ಮನೆಯ ಯಜಮಾನನ ಹೆಸರೂ ಬೇಕಿಲ್ಲ, ಊರೂ ಬೇಕಿಲ್ಲ. ಒಳಗಿನಿಂದ ಯಾರೂ ಕೇಳದ ಸಂದೇಶವೊಂದು ಹೊರಗಿನಿಂದ ಬಂದರೆ ಅದನ್ನು ಯಾರಿಗೆ ತಲುಪಿಸಬೇಕೆಂಬುದು ಸಾಮಾನ್ಯ ರೂಟರಿಗೆ ತಿಳಿಯದು. ಆದ್ದರಿಂದ ಅದು ಆ ಸಂದೇಶವನ್ನು ಹೊಸಿಲಾಚೆಯೇ ಬಿಟ್ಟು, ಒಂದು ಸಾಲು ಬರೆದಿಡುತ್ತದೆ. ಅಂಜಬೇಕಾದ ಸಾಲು ಬೇರೆಯೇ ಇದೆ: ಮನೆಯವರಾರೂ ಮಾಡದ ಪ್ರವೇಶವೊಂದು ಸಫಲವಾಯಿತೆಂದು ದಾಖಲೆ ಹೇಳಿದರೆ, ಆಗ.

ಅಂತಹ ಪ್ರವೇಶ ಎಷ್ಟು ಸುಲಭವೆಂಬುದಕ್ಕೆ 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶವೇ ಸಾಕ್ಷಿ. ಬೀಗ ಮುರಿಯುವ ವಿಶೇಷ ವಿದ್ಯೆ ಯಾವುದೂ ಅದಕ್ಕೆ ಬೇಕಾಗಲಿಲ್ಲ. ಕಾರ್ಖಾನೆಯಲ್ಲಿಯೇ ತುಂಬಿಸಿಟ್ಟ ಹೆಸರು ಮತ್ತು ಗುಪ್ತಪದಗಳ 62 ಜೋಡಿಗಳ ಪಟ್ಟಿಯೊಂದು ಅದರ ಬಳಿಯಿತ್ತು. 123456 ಎಂಬುದೂ ಅದರಲ್ಲೊಂದು ಗುಪ್ತಪದ! ಆ ಪಟ್ಟಿಯ ಬಲದಿಂದಲೇ ಅದು ರೂಟರು, ಕ್ಯಾಮೆರಾಗಳೇ ಮೊದಲಾದ ಲಕ್ಷಗಟ್ಟಲೆ ಸಾಧನಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಸಾಧನಗಳು, ಜಾಲತಾಣಗಳ ಹೆಸರಿಗೆ ವಿಳಾಸ ತಿಳಿಸುವ ಡಿನ್ ಎಂಬ ಸಂಸ್ಥೆಯ ಮೇಲೆ ಒಮ್ಮೆಲೇ ಮುಗಿಬಿದ್ದವು. ಅಮೆರಿಕದ ಅಸಂಖ್ಯ ಜನರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಗಂಟೆಗಟ್ಟಲೆ ದೊರೆಯದಾದವು. ಸಾಧನವನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಮಿರಾಯ್ ಅಳಿಯುತ್ತಿತ್ತು. ಗುಪ್ತಪದ ಹಳೆಯದೇ ಆಗಿದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿಬರಬಹುದಾಗಿತ್ತು. ಸಾಧನಗಳ ಒಡೆಯರಿಗೆ ಇದಾವುದರ ಸುಳಿವೂ ಇರಲಿಲ್ಲ.

ಕೊಂಡವರ ಅಲಕ್ಷ್ಯವೇ ಇದಕ್ಕೆಲ್ಲ ಕಾರಣವೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ಸಾವಿರ ಬೀಗಗಳಿಗೆ ಒಂದೇ ಕೀಲಿಕೈ ಮಾಡಿ ಮಾರಿದ ಕಮ್ಮಾರನನ್ನು ಯಾವ ಊರು ತಾನೆ ಮನ್ನಿಸೀತು? ಕೆಲವು ಸಾಧನಗಳಲ್ಲಂತೂ ಗುಪ್ತಪದವನ್ನು ಬದಲಿಸುವ ಮಾರ್ಗವೇ ಇರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ 2020ರ ಜನವರಿ 1ರಿಂದಲೂ ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದಲೂ ಇಂತಹ ಸಾಮಾನ್ಯ ಗುಪ್ತಪದಗಳಿಗೆ ಕಾನೂನಿನ ತಡೆ ಬಂದಿದೆ. ಹೊಣೆ ತಯಾರಕನ ಹೆಗಲಿಗೇರಿದ್ದು ತಡವಾಗಿಯಾದರೂ ಸರಿಯಾಗಿಯೇ. ಹೊಸ ಗುಪ್ತಪದವಿಡುವುದು, ದೂರದಿಂದ ರೂಟರನ್ನು ನಿಯಂತ್ರಿಸುವ ಸೌಲಭ್ಯವನ್ನು ಮುಚ್ಚುವುದು, ತಯಾರಕರು ಕಳುಹಿಸುವ ಸುಧಾರಣೆಗಳನ್ನು ಅಳವಡಿಸುವುದು ಇಷ್ಟು ಮನೆಯವರ ಪಾಲಿನ ಕೆಲಸ. ಆದರೆ ತಯಾರಕರೇ ಕೈಬಿಟ್ಟ, ಯಾವ ಸುಧಾರಣೆಯೂ ಬಾರದ ಹಳೆಯ ಪೆಟ್ಟಿಗೆಗಳಿಗೆ ಈ ಕಾನೂನುಗಳ ಕೈ ನಿಲುಕದು. ಅವು ಎಷ್ಟೋ ಮನೆಗಳ ಮೂಲೆಯಲ್ಲಿ ಈಗಲೂ ಮಿಣುಕುತ್ತಲೇ ಇವೆ.